ಫ್ರೀಜರ್ ದಕ್ಷಿಣಕ್ಕೆ ಹೋದ ರಾತ್ರಿ

ಇವತ್ತಿನ ಮಾತು ಶುರುವಾಗೋದು ಒಂದು ಫ್ರೀಜರ್‌ನಿಂದ. ನಿಮ್ಮ ಮನೆಯ ಫ್ರಿಜ್‌ನಲ್ಲಿ ಐಸ್ ಕಟ್ಟುವ ಖಾನೆ ಇರುತ್ತಲ್ಲ, ಅದರ ತಾಪಮಾನ ಹೆಚ್ಚುಕಡಿಮೆ ಮೈನಸ್ 18 ಡಿಗ್ರಿ. ನಮ್ಮಂಥ ಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬೀರುವಿನಷ್ಟು ಎತ್ತರದ ಫ್ರೀಜರ್‌ಗಳಿರುತ್ತವೆ, ಅವುಗಳ ಒಳಗೆ ಮೈನಸ್ 80. ನಾವು ಕೆಲಸ ಮಾಡೋದು ಮಲೇಷ್ಯಾದಲ್ಲಿ, ಕ್ವಾಲಾಲಂಪುರದ ಹತ್ತಿರ. ಹೊರಗೆ ವರ್ಷವಿಡೀ ಬೆವರು ಸುರಿಯುವ ಸೆಕೆ, ಒಳಗೆ ಈ ಮೈನಸ್ 80ರ ಬೀರು. ಅದರಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಐದು ತಿಂಗಳು ಕಾಡು ಸುತ್ತಿ ತಂದ ಎಳೆ ಚಿಗುರುಗಳಿದ್ದವು.

ಒಂದು ಶುಕ್ರವಾರ ರಾತ್ರಿ ನಮ್ಮ ಗುಂಪಿನ ವಾಟ್ಸಾಪ್‌ಗೆ ಒಂದು ಸಂದೇಶ ಬಂತು. ಕಳಿಸಿದವರು ಅಮೆರಿಕದಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿ. ವಿಮಾನ ಹಿಡಿಯೋ ಅವಸರದಲ್ಲಿ ಪ್ರಯೋಗಾಲಯದ ಬಾಗಿಲು ಹಾಕುವಾಗ ಬರೆದದ್ದು. ಒಂದೇ ಸಾಲು: 'ಫ್ರೀಜರ್ ತ್ರೀ ಈಸ್ ಗೋಯಿಂಗ್ ಸೌತ್.' ಮೂರನೇ ಫ್ರೀಜರ್ ದಕ್ಷಿಣಕ್ಕೆ ಹೋಗ್ತಾ ಇದೆ.

ನಾವು ಅದನ್ನು ಓದಿ ಏನಂದುಕೊಂಡ್ವಿ ಗೊತ್ತಾ? ದಕ್ಷಿಣ ಅಂದ್ರೆ ಕೆಳಗೆ, ತಾಪಮಾನ ಕೆಳಗೆ ಹೋಗ್ತಿದೆ, ಮೈನಸ್ 80 ಇದ್ದದ್ದು ಮೈನಸ್ 84 ಆಗಿರಬಹುದು, ಒಳ್ಳೇದೇ ಆಯ್ತು ಅಂದ್ಕೊಂಡು ಮಲಗಿದ್ವಿ. ವಿದ್ಯಾರ್ಥಿನಿ ಜೊಹೊರ್ ಕಡೆಯವಳು, ಮಲೇಷ್ಯಾ ಪರ್ಯಾಯ ದ್ವೀಪದ ದಕ್ಷಿಣ ತುದಿ. ಹಳೆಯ ಫ್ರೀಜರನ್ನು ಜೊಹೊರ್‌ನ ಇನ್ನೊಂದು ಪ್ರಯೋಗಾಲಯಕ್ಕೆ ಕೊಡುವ ಮಾತು ಆಗ ನಡೀತಾ ಇತ್ತು. ಅವಳು ಓದಿದ್ದು ಹೀಗೆ: ಓಹೋ, ಫ್ರೀಜರ್ ಕಡೆಗೂ ನಮ್ಮೂರ ಕಡೆ ಹೊರಡ್ತಿದೆ, ಸೋಮವಾರ ಹೋಗಿ ನನ್ನ ಟ್ಯೂಬುಗಳನ್ನು ಬೇರೆಡೆಗೆ ಸಾಗಿಸಬೇಕು.

ಕಳಿಸಿದವರ ಅರ್ಥ ಇದ್ಯಾವುದೂ ಅಲ್ಲ. ಫ್ರೀಜರ್ ಕೆಡ್ತಾ ಇದೆ, ಯಾರಾದರೂ ಬಂದು ನೋಡಿ ಅಂತ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದಾಗ ಫ್ರೀಜರ್‌ನ ಫಲಕದಲ್ಲಿ ಕಂಡ ಅಂಕಿ 6. ಮೈನಸ್ ಚಿಹ್ನೆ ಇರಲಿಲ್ಲ.

ಕರಗಿದ ಎಲೆಯಲ್ಲಿ ಏನು ಹೋಗುತ್ತೆ ಅಂತ ಎರಡು ಮಾತಿನಲ್ಲಿ ಹೇಳಿಬಿಡ್ತೀವಿ. ಜೀವಕೋಶದಲ್ಲಿ ಯಾವ ಜೀನ್ ಈ ಹೊತ್ತು ಕೆಲಸ ಮಾಡ್ತಿದೆ ಅನ್ನೋದಕ್ಕೆ ಸಾಕ್ಷಿ ಆರ್‌ಎನ್‌ಎ ಅನ್ನೋ ಅಣು. ಅದನ್ನು ಕತ್ತರಿಸೋ ಕಿಣ್ವಗಳೂ ಅದೇ ಕೋಶದಲ್ಲೇ, ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಹೆಪ್ಪುಗಟ್ಟಿದ ಎಲೆ ಕರಗುವಾಗ ಕೋಶದ ಒಳಗೋಡೆಗಳು ಒಡೆದು ಕಿಣ್ವಗಳು ಹೊರಬಂದು ಆರ್‌ಎನ್‌ಎಯನ್ನು ಚೂರುಚೂರು ಮಾಡಿಬಿಡುತ್ತವೆ. ಮತ್ತೆ ಹೆಪ್ಪುಗಟ್ಟಿಸಿದರೆ ಎಲೆ ಇರುತ್ತೆ, ಸಾಕ್ಷಿ ಇರಲ್ಲ. ಐದು ತಿಂಗಳ ಕೆಲಸ ಮೂರು ರಾತ್ರಿಯಲ್ಲಿ ಹೋಯ್ತು.

ಹಾಗಾದರೆ ಈ 'ಗೋ ಸೌತ್' ಅಂದ್ರೆ ನಿಖರವಾಗಿ ಏನು?

ಇಂಗ್ಲಿಷಿನಲ್ಲಿ, ಅದರಲ್ಲೂ ಅಮೆರಿಕದ ಆಡುಮಾತಿನಲ್ಲಿ, ಚೆನ್ನಾಗಿದ್ದದ್ದು ಕೆಡುತ್ತಾ ಹೋಗೋದಕ್ಕೆ ಹೀಗೆ ಹೇಳ್ತಾರೆ. ಷೇರು ಬೆಲೆ ದಕ್ಷಿಣಕ್ಕೆ ಹೋಯ್ತು, ವ್ಯವಹಾರ ದಕ್ಷಿಣಕ್ಕೆ ಹೋಯ್ತು, ಗಂಡ ಹೆಂಡಿರ ಸಂಬಂಧ ದಕ್ಷಿಣಕ್ಕೆ ಹೋಯ್ತು. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅದು ಮೊದಲು ಸರಿ ಇದ್ದಿರಬೇಕು. ಹುಟ್ಟಿದಾಗಿನಿಂದಲೇ ಕೆಟ್ಟಿರೋ ವಸ್ತು ದಕ್ಷಿಣಕ್ಕೆ ಹೋಗಲ್ಲ. ಎರಡು, ಇದು ಆಡುಮಾತು. ಕಾಫಿ ಕುಡೀತಾ ಹೇಳೋದಕ್ಕೆ ಸರಿ, ಎಚ್ಚರಿಕೆ ಕೊಡೋದಕ್ಕೆ ಅಲ್ಲ. ನಮಗೆ ಇದು ಗೊತ್ತಾಗಿದ್ದು ಸೋಮವಾರ.

ಇದರ ಅಣ್ಣತಮ್ಮಂದಿರೂ ಇದ್ದಾರೆ. 'ನಾರ್ತ್ ಆಫ್ ಎ ಮಿಲಿಯನ್' ಅಂದರೆ ಹತ್ತು ಲಕ್ಷಕ್ಕಿಂತ ಹೆಚ್ಚು. 'ಸೌತ್ ಆಫ್' ಅಂದರೆ ಅದಕ್ಕಿಂತ ಕಡಿಮೆ. ಇಲ್ಲಿ ಒಳ್ಳೇದು ಕೆಟ್ಟದ್ದರ ಮಾತಿಲ್ಲ, ಬರೀ ಎಣಿಕೆ. ಇನ್ನೊಂದು 'ಗೋ ವೆಸ್ಟ್', ಪಶ್ಚಿಮಕ್ಕೆ ಹೋಗು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರ ಬಾಯಲ್ಲಿ ಸತ್ತ ಅನ್ನೋದಕ್ಕೆ ಈ ಮಾತು ಬಹಳ ಓಡಾಡಿತು. ಸೂರ್ಯ ಮುಳುಗೋ ದಿಕ್ಕು ಅದು. ನಮಗೂ ಅರ್ಥವಾಗುತ್ತೆ.

ಆದರೆ ದಕ್ಷಿಣ ಯಾಕೆ ಕೆಟ್ಟದ್ದಾಯ್ತು? ಕನ್ನಡದ ಕೇಳುಗರಿಗೆ ತಟ್ಟನೆ ಹೊಳೆಯೋ ಉತ್ತರ ಯಮ. ದಕ್ಷಿಣ ಯಮನ ದಿಕ್ಕು, ಅದಕ್ಕೇ ದಕ್ಷಿಣಕ್ಕೆ ಹೋದದ್ದು ಕೆಟ್ಟಿತು ಅಂತ. ಕೇಳೋದಕ್ಕೆ ಚೆನ್ನಾಗಿದೆ, ಆದರೆ ಇಂಗ್ಲಿಷಿನ ಮಾತಿಗೆ ಯಮನ ಸಂಬಂಧ ಇಲ್ಲ. ಒಂದೇ ಕಡೆ ಕೈ ತೋರಿಸೋ ಎರಡು ಮಾತುಗಳಿಗೆ ಒಂದೇ ಬೇರು ಇರಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕಾಣುವ ಕಾರಣ ತುಂಬ ಸಾದಾ: ಗೋಡೆಗೆ ನೇತುಹಾಕಿದ ನಕ್ಷೆ. ಉತ್ತರ ಮೇಲೆ, ದಕ್ಷಿಣ ಕೆಳಗೆ. ಷೇರುಪೇಟೆಯ ಗ್ರಾಫಿನ ಗೆರೆ ಕೆಳಗಿಳಿದರೆ ಅದು ನಕ್ಷೆಯಲ್ಲಿ ದಕ್ಷಿಣಕ್ಕೆ ಇಳಿದ ಹಾಗೆ. ಗ್ರಾಫನ್ನೂ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಹುಟ್ಟೋ ಮಾತು ಇದು.

ಉತ್ತರ ಮೇಲೇ ಇರಬೇಕು ಅಂತ ಭೂಮಿಯೇನೂ ಹೇಳಿಲ್ಲ. 1154ರಲ್ಲಿ ಸಿಸಿಲಿಯ ರಾಜ ಎರಡನೇ ರೋಜರ್‌ಗಾಗಿ ಅಲ್ ಇದ್ರೀಸಿ ಅನ್ನೋ ಭೂಗೋಳಜ್ಞ ಮಾಡಿಕೊಟ್ಟ ಪ್ರಪಂಚದ ನಕ್ಷೆಯಲ್ಲಿ ದಕ್ಷಿಣವೇ ಮೇಲೆ. ಅದನ್ನು ನೋಡಿ ಬೆಳೆದವರಿಗೆ ಷೇರು ಬೆಲೆ ದಕ್ಷಿಣಕ್ಕೆ ಹೋಯ್ತು ಅಂದರೆ ಸಿಹಿ ಹಂಚೋ ಸುದ್ದಿ. ಮಧ್ಯಯುಗದ ಯೂರೋಪಿನ ಎಷ್ಟೋ ನಕ್ಷೆಗಳಲ್ಲಿ ಪೂರ್ವ ಮೇಲೆ. 'ಓರಿಯೆಂಟ್' ಅನ್ನೋ ಪದದ ಮೂಲದಲ್ಲಿ ಮೂಡುವುದು ಅನ್ನೋ ಅರ್ಥವಿದೆ, ನಮ್ಮ 'ಮೂಡಣ'ದ ಹಾಗೇ.

ಕನ್ನಡವನ್ನೇ ನೋಡಿ. ಸೂರ್ಯ ಮೂಡೋ ಕಡೆ ಮೂಡಣ, ಅವನು ಪಡೋ, ಅಂದರೆ ಬೀಳೋ ಕಡೆ ಪಡುವಣ. ಮೂಡುಬಿದಿರೆ, ಪಡುಬಿದ್ರಿ ಅನ್ನುವಾಗ ನಾವು ದಿನಾ ಆ ಸೂರ್ಯನನ್ನು ನೆನೀತೀವಿ. ಸಂಸ್ಕೃತದ ಪದಗಳ ಲೆಕ್ಕ ಬೇರೆ: ಪೂರ್ವಕ್ಕೆ ಮುಖ ಮಾಡಿ ನಿಂತವನ ಮೈ ಅದು. ಪೂರ್ವ ಮುಂದೆ, ಪಶ್ಚಿಮ ಹಿಂದೆ, ದಕ್ಷಿಣ ಬಲಗೈ. ಪ್ರದಕ್ಷಿಣೆ ಹಾಕುವಾಗ ದೇವರು ನಮ್ಮ ಬಲಗಡೆ ಇರೋದು ಇದಕ್ಕೇ. ಉತ್ತರ ಅಂದರೆ ಮೇಲಿನದು.

ತಮಿಳಿನ ಕಥೆ ಇನ್ನೂ ಸ್ವಾರಸ್ಯ. ಪೂರ್ವಕ್ಕೆ 'ಕಿಳಕ್ಕು', ಅಂದರೆ ಕೆಳಗಿನದು. ಪಶ್ಚಿಮಕ್ಕೆ 'ಮೇರ್ಕು', ಮೇಲಿನದು. ಪಶ್ಚಿಮ ಘಟ್ಟದಿಂದ ಬಂಗಾಳ ಕೊಲ್ಲಿಗೆ ಇಳಿಯೋ ನೆಲದಲ್ಲಿ ನಿಂತು ನೋಡಿ, ಎಷ್ಟು ಸರಿಯಾಗಿದೆ. ಈಗ ಘಟ್ಟ ದಾಟಿ ಕೇರಳಕ್ಕೆ ಬನ್ನಿ. ಅಲ್ಲಿ ಪೂರ್ವದಲ್ಲಿರೋದು ಆಕಾಶಕ್ಕೆ ಮುಟ್ಟೋ ಬೆಟ್ಟ. ಆದರೂ ಮಲಯಾಳದಲ್ಲಿ ಪೂರ್ವಕ್ಕೆ 'ಕಿಳಕ್ಕು' ಅಂತಲೇ ಹೆಸರು. ಈ ಮಾತು ಘಟ್ಟದ ಆಚೆ, ಪೂರ್ವದ ಇಳಿಜಾರಿನಲ್ಲಿ ಹುಟ್ಟಿ ಇಲ್ಲಿಗೆ ಬಂತು ಅನ್ನೋದಕ್ಕೆ ಭಾಷಾಶಾಸ್ತ್ರಜ್ಞರು ಇದನ್ನು ಸುಳಿವಾಗಿ ತೋರಿಸ್ತಾರೆ. ನೆಲ ಬದಲಾಯ್ತು, ಮಾತು ಬದಲಾಗಲಿಲ್ಲ. ಕಾಸರಗೋಡಿನ ಕೇಳುಗರಿಗೆ ಇದು ಕಿವಿಯಲ್ಲೇ ಇರೋ ವಿಷಯ: ಮನೆಯಲ್ಲಿ ಮೂಡು, ಬೀದಿಯಲ್ಲಿ ಕಿಳಕ್ಕು.

ಮಲಯ ಭಾಷೆಗೆ ಬರೋಣ. ಉತ್ತರಕ್ಕೆ ಅಲ್ಲಿ 'ಉತಾರ', ಇದು ನಮ್ಮ ಉತ್ತರವೇ, ಸಂಸ್ಕೃತದಿಂದ ಸಮುದ್ರ ದಾಟಿ ಹೋದದ್ದು. ದಕ್ಷಿಣಕ್ಕೆ 'ಸೆಲತಾನ್'. ಜಲಸಂಧಿ ಅನ್ನೋ ಅರ್ಥದ 'ಸೆಲತ್' ಪದಕ್ಕೆ ಇದನ್ನು ಜೋಡಿಸ್ತಾರೆ, ಮಲಾಕ್ಕಾ ಜಲಸಂಧಿಗೆ 'ಸೆಲತ್ ಮೆಲಾಕ' ಅಂತಲೇ ಹೆಸರು. ವಾಯವ್ಯಕ್ಕೆ 'ಬಾರತ್ ಲಾವುತ್', ಪಶ್ಚಿಮ ಸಮುದ್ರ. ನೈಋತ್ಯಕ್ಕೆ 'ಬಾರತ್ ದಾಯ', ಪಶ್ಚಿಮ ಒಳನಾಡು. ಈ ಭಾಷಾಕುಟುಂಬದ ಹಳೆಯ ದಿಕ್ಸೂಚಿಯಲ್ಲಿ ಇದ್ದದ್ದು ಉತ್ತರ ದಕ್ಷಿಣ ಅಲ್ಲ, ಸಮುದ್ರದ ಕಡೆ ಮತ್ತು ಒಳನಾಡಿನ ಕಡೆ ಅನ್ನೋ ಒಂದು ಗೆರೆ. ಬಾಲಿ ದ್ವೀಪದಲ್ಲಿ ಅದು ಇವತ್ತಿಗೂ ಜೀವಂತ: 'ಕಾಜ' ಅಂದರೆ ಬೆಟ್ಟದ ಕಡೆ. ದ್ವೀಪದ ದಕ್ಷಿಣದಲ್ಲಿರೋರಿಗೆ ಕಾಜ ಉತ್ತರಕ್ಕಿದೆ, ಉತ್ತರದ ಕರಾವಳಿಯವರಿಗೆ ಅದೇ ಕಾಜ ದಕ್ಷಿಣಕ್ಕಿದೆ. ಇಬ್ಬರೂ ಸರಿ.

ಮಲೇಷ್ಯಾದಲ್ಲಿ ಮೇಲೆ ಕೆಳಗೆ ಅನ್ನೋದನ್ನು ನಿರ್ಧರಿಸಿದ್ದು ಹೊಳೆ. ಮೇಲ್ಹೊಳೆ 'ಹುಲು', ಕೆಳಹೊಳೆ 'ಹಿಲಿರ್'. ಸೆಲಂಗೋರ್‌ನಲ್ಲಿ ಹುಲು ಲಂಗಾತ್ ಅನ್ನೋ ಜಿಲ್ಲೆ ಇದೆ, ಪೇರಾಕ್‌ನಲ್ಲಿ ಹಿಲಿರ್ ಪೇರಾಕ್. ನಮಗಿದು ಹೊಸದಲ್ಲ. ಕೃಷ್ಣಾ ಮೇಲ್ದಂಡೆ, ಭದ್ರಾ ಮೇಲ್ದಂಡೆ ಅಂತ ಪತ್ರಿಕೆಯಲ್ಲಿ ಓದಿಯೇ ಬೆಳೆದವರು ನಾವು. ಮಂಗಳೂರು ಉಡುಪಿ ಕಡೆಯವರು 'ಘಟ್ಟದ ಮೇಲೆ' ಅಂದರೆ ಅದು ದಿಕ್ಕೂ ಹೌದು, ಎತ್ತರವೂ ಹೌದು. ಆದರೆ ಮಲೇಷ್ಯಾದ ಆಡು ಇಂಗ್ಲಿಷಿನಲ್ಲಿ 'ಉಲು' ಅಂದರೆ ಮೂಲೆಯ ಕಾಡೂರು, ಸೌಲಭ್ಯ ಇಲ್ಲದ ಜಾಗ. ಅಂದರೆ ಇಲ್ಲಿ ಮೇಲಿರೋದು ಹಿಂದುಳಿದದ್ದು! ಮೇಲೆ ಅಂದರೆ ಒಳ್ಳೇದು ಅನ್ನೋ ನಿಯಮ ಎಲ್ಲ ಕಡೆ ನಡೆಯಲ್ಲ.

ಇನ್ನು 'ಸೌತ್' ಅಂದರೆ ಮಲೇಷ್ಯಾದಲ್ಲಿ ಕೇಳೋರಿಗೆ ಮೊದಲು ನೆನಪಾಗೋದು ಹೆದ್ದಾರಿ. 1994ರಲ್ಲಿ ಪೂರ್ತಿಯಾಗಿ ತೆರೆದ ಉತ್ತರ ದಕ್ಷಿಣ ಹೆದ್ದಾರಿ ಥಾಯ್ಲೆಂಡಿನ ಗಡಿಯಿಂದ ಜೊಹೊರ್‌ವರೆಗೆ ಪರ್ಯಾಯ ದ್ವೀಪದ ಬೆನ್ನುಮೂಳೆಯ ಹಾಗೆ ಹೋಗುತ್ತೆ. ಹಬ್ಬ ಬಂದರೆ ಪೆನಾಂಗಿನವರು ಉತ್ತರಕ್ಕೆ, ಜೊಹೊರ್‌ನವರು ದಕ್ಷಿಣಕ್ಕೆ. ನಮ್ಮ ವಿದ್ಯಾರ್ಥಿನಿಗೆ ದಕ್ಷಿಣ ಅಂದರೆ ಅಮ್ಮನ ಅಡುಗೆ. ಅವಳ ಭಾಷೆಯಲ್ಲೂ ದಿಕ್ಕಿನ ನುಡಿಗಟ್ಟು ಇಲ್ಲದಿಲ್ಲ. 'ಸೆಸತ್ ಬಾರತ್' ಅಂತಾರೆ, ಪೂರ್ತಿ ದಾರಿ ತಪ್ಪುವುದಕ್ಕೆ. ಬಾರತ್ ಅಂದರೆ ಪಶ್ಚಿಮ. ಅಂದರೆ ಅಮೆರಿಕದವರಿಗೆ ದಕ್ಷಿಣದಲ್ಲಿ ಆಗೋದು ಮಲಯದವರಿಗೆ ಪಶ್ಚಿಮದಲ್ಲಿ ಆಗುತ್ತೆ. ನಾವು ಕನ್ನಡದವರು ಯಾವ ದಿಕ್ಕನ್ನೂ ದೂರದೆ 'ದಿಕ್ಕು ತಪ್ಪಿತು' ಅಂದುಬಿಡ್ತೀವಿ.

ಈಗ ಫ್ರೀಜರ್‌ಗೆ ವಾಪಸ್ ಬರೋಣ. ನಾವು ಯಾಕೆ ತಪ್ಪು ಓದಿದ್ವಿ? ನಮಗೆ ಇಂಗ್ಲಿಷ್ ಬರಲ್ಲ ಅಂತಲ್ಲ. ಆ ನುಡಿಗಟ್ಟನ್ನು ಹತ್ತಾರು ಸಲ ಕೇಳಿದ್ವಿ. ಎಡವಟ್ಟು ಇನ್ನೂ ಆಳದಲ್ಲಿದೆ.

1980ರಲ್ಲಿ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಅನ್ನೋ ಇಬ್ಬರು, ನಮ್ಮ ದಿನನಿತ್ಯದ ಮಾತೆಲ್ಲ ಹೇಗೆ ಮೈಯ ಅನುಭವದ ಮೇಲೆ ನಿಂತಿದೆ ಅಂತ ತೋರಿಸೋ ಪುಸ್ತಕ ಬರೆದರು. ಅವರು ಹೇಳೋ ಎರಡು ನಿಯಮ ಇಲ್ಲಿ ಬೇಕು. ಹೆಚ್ಚು ಅಂದರೆ ಮೇಲೆ: ಬಿಂದಿಗೆಗೆ ನೀರು ಹಾಕಿದರೆ ಮಟ್ಟ ಏರುತ್ತೆ. ಒಳ್ಳೇದು ಅಂದರೆ ಮೇಲೆ: ಹುಷಾರಾಗಿರೋನು ಎದ್ದು ನಿಂತಿರ್ತಾನೆ, ಕಾಯಿಲೆಯವನು ಮಲಗಿರ್ತಾನೆ. ಸಂಬಳದ ವಿಷಯದಲ್ಲಿ ಎರಡೂ ನಿಯಮ ಒಂದೇ ಕಡೆ ಎಳೆಯುತ್ತವೆ, ಗೊಂದಲ ಇಲ್ಲ. ಆದರೆ ಜ್ವರ? ಜ್ವರ ಏರಿತು ಅಂದರೆ ಅಂಕಿ ಮೇಲೆ, ಆರೋಗ್ಯ ಕೆಳಗೆ. ಬೆಲೆ ಏರಿಕೆಯೂ ಹಾಗೇ. ಇಲ್ಲಿ ಎರಡು ನಿಯಮಗಳು ಜಗಳಕ್ಕೆ ನಿಲ್ಲುತ್ತವೆ.

ಮೈನಸ್ 80ರ ಫ್ರೀಜರ್‌ನಲ್ಲಿ ಜಗಳ ಇನ್ನೂ ಜೋರು. ಅಲ್ಲಿ ತಾಪಮಾನ ಇಳಿದಷ್ಟೂ ಒಳ್ಳೇದು. ಹಾಗಾಗಿ 'ದಕ್ಷಿಣಕ್ಕೆ' ಅನ್ನೋದನ್ನು ಅಂಕಿ ಅಂತ ಓದಿದರೆ ಶುಭ ಸುದ್ದಿ, ಸ್ಥಿತಿ ಅಂತ ಓದಿದರೆ ಅಪಾಯ. ಸಾಲದ್ದಕ್ಕೆ ಪ್ರಯೋಗಾಲಯದಲ್ಲಿ ನಾವೆಲ್ಲ ಮೈನಸ್ ನುಂಗಿ 'ಎಂಬತ್ತರ ಫ್ರೀಜರ್' ಅಂತೀವಿ. ಆ ರಾತ್ರಿ ಅವರು ನೋಡಿದ ಅಂಕಿ ಮೈನಸ್ 68. ಎಂಬತ್ತು ಅರವತ್ತೆಂಟಾದರೆ ಅದು ಏರಿದ್ದೋ ಇಳಿದದ್ದೋ? ಗಣಿತದಲ್ಲಿ ಏರಿದ್ದು, ನಾಲಿಗೆಯ ಮೇಲೆ ಇಳಿದದ್ದು. ಒಂದು ಪದದ ಒಳಗೆ ಇಷ್ಟೆಲ್ಲ ಕೂತಿತ್ತು. ನಿಮ್ಮ ಮನೆಯಲ್ಲೂ ಒಮ್ಮೆ ಪರೀಕ್ಷೆ ಮಾಡಿ: 'ಏಸಿ ಸ್ವಲ್ಪ ಜಾಸ್ತಿ ಮಾಡು' ಅಂತ ಹೇಳಿ, ಯಾರು ಅಂಕಿ ಏರಿಸ್ತಾರೆ, ಯಾರು ಇಳಿಸ್ತಾರೆ ನೋಡಿ.

ಜೀವಶಾಸ್ತ್ರದವರಾಗಿ ನಮಗೆ ಇಲ್ಲಿ ಜೇನುಹುಳು ನೆನಪಾಗದೆ ಇರಲ್ಲ. ಹೂವಿರೋ ದಿಕ್ಕನ್ನು ಜೇನು ನೃತ್ಯ ಮಾಡಿ ಹೇಳುತ್ತೆ ಅನ್ನೋದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ನಮ್ಮ ತುಡುವೆ ಜೇನು ನೇರ ನಿಂತ ಎರಿಯ ಮೇಲೆ, ಕತ್ತಲಲ್ಲಿ ಕುಣಿಯುತ್ತೆ. ಅಲ್ಲಿ ಸೂರ್ಯ ಕಾಣಲ್ಲ. ಅದಕ್ಕೆ ಒಂದು ಒಪ್ಪಂದ: ನೇರ ಮೇಲಕ್ಕೆ ಓಡಿದರೆ ಸೂರ್ಯನ ಕಡೆ ಅಂತ ಅರ್ಥ. ಮೇಲಿನಿಂದ 40 ಡಿಗ್ರಿ ಬಲಕ್ಕೆ ಓಡಿದರೆ ಸೂರ್ಯನಿಂದ 40 ಡಿಗ್ರಿ ಬಲಕ್ಕೆ. ಹೊರಗಿನ ದಿಕ್ಕನ್ನು 'ಮೇಲೆ' 'ಕೆಳಗೆ'ಗೆ ಅನುವಾದ ಮಾಡೋ ಕೆಲಸ, ಗೋಡೆಯ ನಕ್ಷೆಯ ಹಾಗೇ. ಆದರೆ ಕಡ್ಡಿಗೆ ಗೂಡು ಕಟ್ಟೋ ಪುಟ್ಟ ಕೋಲುಜೇನು ಎರಿಯ ನೆತ್ತಿಯ ಸಮತಟ್ಟು ಜಾಗದಲ್ಲಿ, ಬೆಳಕಿನಲ್ಲಿ ಕುಣಿದು ಹೂವಿನ ಕಡೆಗೇ ನೇರವಾಗಿ ಓಡಿ ತೋರಿಸುತ್ತೆ. ಅದಕ್ಕೆ ಅನುವಾದವೇ ಬೇಡ.

ಈ ಒಪ್ಪಂದಕ್ಕೂ ಒಂದು ಮಿತಿ ಇದೆ. ಸಮಭಾಜಕಕ್ಕೆ ಹತ್ತಿರದ ಊರುಗಳಲ್ಲಿ ಸೂರ್ಯ ವರ್ಷಕ್ಕೆರಡು ಸಲ ನಡುನೆತ್ತಿಗೆ ಬರ್ತಾನೆ, ಕ್ವಾಲಾಲಂಪುರದಲ್ಲಿ ಮಾರ್ಚ್ ಕೊನೆಗೆ ಮತ್ತು ಸೆಪ್ಟೆಂಬರ್ ನಡುವಿಗೆ, ಬೆಂಗಳೂರಿನಲ್ಲಿ ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ. ನಾವದನ್ನು ಶೂನ್ಯ ನೆರಳಿನ ದಿನ ಅಂತೀವಲ್ಲ, ಅದೇ. ಆ ಹೊತ್ತಿನಲ್ಲಿ 'ಸೂರ್ಯನ ಕಡೆ' ಅನ್ನೋ ಮಾತಿಗೆ ನೆಲದ ಮೇಲೆ ದಿಕ್ಕೇ ಇರಲ್ಲ. ನೃತ್ಯ ಕಲಸಿಹೋಗುತ್ತೆ ಅನ್ನೋದನ್ನು ವಿಜ್ಞಾನಿಗಳು ಗಮನಿಸಿದ್ದಾರೆ. ಒಪ್ಪಂದ ಚೆನ್ನಾಗೇ ಇದೆ, ಅದು ಆತುಕೊಂಡಿದ್ದ ಆಧಾರ ಜಾರಿದೆ.

ನಮ್ಮ ಸಂದೇಶಕ್ಕೆ ಆದದ್ದೂ ಅಷ್ಟೇ. ಬರೆದವರ ಆಧಾರ ನಕ್ಷೆ, ವಿದ್ಯಾರ್ಥಿನಿಯ ಆಧಾರ ಹೆದ್ದಾರಿ, ನಮ್ಮ ಆಧಾರ ಥರ್ಮಾಮೀಟರು. ಮೂರು ಜನವೂ ಒಂದೇ ವಾಕ್ಯವನ್ನು ಒಳ್ಳೆ ಇಂಗ್ಲಿಷಿನಲ್ಲೇ ಓದಿದ್ವಿ. ಒಬ್ಬರಾದರೂ ಫೋನ್ ಮಾಡಿ 'ಅಂದರೆ ಏನು?' ಅಂತ ಕೇಳಿದ್ದರೆ ಆಗಿತ್ತು. ಕೇಳಲಿಲ್ಲ, ಯಾಕಂದರೆ ಅರ್ಥವಾಗಿದೆ ಅಂತ ಮೂರೂ ಜನಕ್ಕೆ ಖಾತ್ರಿ ಇತ್ತು. ಅರ್ಥವಾಗದ ಮಾತಿಗಿಂತ ಅರ್ಥವಾದಂತೆ ಕಾಣೋ ಮಾತು ಅಪಾಯ ಅಂತ ನಮಗೆ ಅನ್ನಿಸೋದು ಇದಕ್ಕೇ.

ಹಾಗಂತ ನುಡಿಗಟ್ಟು ಬಿಡಿ ಅಂತ ನಾವು ಹೇಳ್ತಿಲ್ಲ. ಕನ್ನಡಕ್ಕೆ ತರುವಾಗ ಮಾತ್ರ 'ದಕ್ಷಿಣಕ್ಕೆ ಹೋಯ್ತು' ಅಂತ ಬರೀಬೇಡಿ. ಯೋಜನೆ ಕೆಟ್ಟರೆ ನಮ್ಮಲ್ಲಿ ಅದು 'ಹಳ್ಳ ಹಿಡಿಯುತ್ತೆ'. ಎಂಥ ಮಾತು ನೋಡಿ, ಅದೂ ದಿಕ್ಕಿನದೇ, ಅದೂ ಕೆಳಕ್ಕೇ, ಆದರೆ ನಕ್ಷೆ ನೋಡಿ ಹುಟ್ಟಿದ್ದಲ್ಲ, ಇಳಿಜಾರು ನೋಡಿ ಹುಟ್ಟಿದ್ದು. ಯಂತ್ರವಾದರೆ 'ಕೈಕೊಡುತ್ತೆ'. ಸಂಬಂಧವಾದರೆ 'ಹಳಸುತ್ತೆ'. ಇಂಗ್ಲಿಷಿನವರು ಎಲ್ಲಕ್ಕೂ ಒಂದೇ ದಿಕ್ಕು ತೋರಿಸ್ತಾರೆ, ನಾವು ಕೆಡೋ ವಸ್ತುವಿಗೆ ತಕ್ಕ ಮಾತು ಹುಡುಕ್ತೀವಿ.

ಈಗ ನಮ್ಮ ಪ್ರಯೋಗಾಲಯದ ಪ್ರತಿ ಫ್ರೀಜರ್ ಬಾಗಿಲ ಮೇಲೂ ಒಂದು ಚೀಟಿ ಇದೆ, ಇಂಗ್ಲಿಷಿನಲ್ಲೂ ಮಲಯದಲ್ಲೂ. ಸಂದೇಶ ಕಳಿಸುವಾಗ ಮೂರು ವಿಷಯ ಬರೆಯಿರಿ: ಫಲಕದಲ್ಲಿ ಕಂಡ ಅಂಕಿ, ಚಿಹ್ನೆಯ ಸಮೇತ. ಕಂಡ ಹೊತ್ತು. ಯಾರು ಈಗ ಏನು ಮಾಡಬೇಕು. ಅದನ್ನು ಬರೆದು ಅಂಟಿಸಿದ್ದು ವಿದ್ಯಾರ್ಥಿನಿಯೇ. ಅವಳು ಮತ್ತೆ ಕಾಡಿಗೆ ಹೋದಳು. ಆದರೆ ಚಿಗುರು ನಮ್ಮ ಅನುಕೂಲಕ್ಕೆ ಬರಲ್ಲ. ಮೂರು ಜಾಗದಿಂದ ಎಲೆ ತರಬೇಕಿದ್ದವಳು ಒಂದೇ ಜಾಗದ ಎಲೆಯಲ್ಲಿ ಅಧ್ಯಾಯ ಮುಗಿಸಿದಳು. ನಮಗೆ ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರಾಗ್ತಿತ್ತು.

ಕೊನೆಗೆ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ 'ಮೇಲೆ' ಅಂದರೆ ಯಾವ ಕಡೆ? ಘಟ್ಟವೋ, ಹೊಳೆಯೋ, ಮನೆಯ ಹಿಂದಿನ ಗುಡ್ಡವೋ? ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕೇಳಿ, ಮಕ್ಕಳನ್ನೂ ಕೇಳಿ, ಉತ್ತರ ಒಂದೇನಾ ನೋಡಿ. ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.